ಕೈ ತುಂಬಿದ್ದಾಗಲೇ ಇವರಿಗೆ ತಮಾಷೆ

ನಮ್ಮ ಮನೆಯವರು ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ, ಬಾಯಿ ನೋಡಿ ಮಾತಾಡುತ್ತಾರೆ. ಅವರದು ಹಲ್ಲು ಕಟ್ಟುವ ಕೆಲಸ. ಡಾಕ್ಟರು ಎಂದುಕೊಳ್ಳಬೇಡಿ. ಡಾಕ್ಟರು ಕಿತ್ತು ಕಳಿಸುತ್ತಾರೆ, ಇವರು ಕಟ್ಟಿ ಕಳಿಸುತ್ತಾರೆ. ಐವತ್ತೊಂದು ವರ್ಷದಿಂದ ಮನೆಯ ಮುಂದಿನ ಕೋಣೆಯೇ ಅಂಗಡಿ, ಕಿಟಕಿ ಪಕ್ಕದ ಮೇಜೇ ಕಾರ್ಖಾನೆ. ಯಾರದಾದರೂ ಮದುವೆಗೆ ಹೋದರೆ ಎಲ್ಲರೂ ಗಂಡು ಹೆಣ್ಣನ್ನು ನೋಡುತ್ತಿರುತ್ತಾರೆ. ಇವರು ನನ್ನ ಮೊಣಕೈ ತಿವಿದು, "ಇವಳೇ, ಮೂರನೇ ಸಾಲಲ್ಲಿ ನಗ್ತಿದ್ದಾರಲ್ಲ, ಆ ಹಲ್ಲು ನಂದು" ಎನ್ನುತ್ತಾರೆ. ಒಮ್ಮೆ ಸಾವಿನ ಮನೆಯಲ್ಲೂ ಇದನ್ನೇ ಶುರು ಮಾಡಿದರು. ನಾನು ಕಾಲು ತುಳಿದು ಸುಮ್ಮನಾಗಿಸಿದೆ.

ನಾನು ಅವರ ಹೆಂಡತಿ. ಅವರಿಗೆ ನಾನು "ಇವಳೇ", ನನಗೆ ಅವರು "ರೀ". ಐವತ್ತು ವರ್ಷದ ಸಂಸಾರ ಈ ಎರಡು ಮಾತಿನಲ್ಲೇ ನಡೆದುಹೋಗಿದೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಬೀದಿಯಲ್ಲಿ ಮಾತಿದೆ. ಹಲ್ಲು ಕಟ್ಟುವವರ ಮನೆಯಲ್ಲಿ ಬಾಯಿ ಜೋರಾಗಿರದೆ ಮತ್ತಿನ್ನೇನು ಜೋರಾಗಿರಬೇಕು, ನೀವೇ ಹೇಳಿ.

ಅವರ ಮೇಜಿನ ಮೇಲೆ ಒಂದು ಸ್ಪಿರಿಟ್ ದೀಪ, ಮೇಣ ಕಾಯಿಸುವ ಚಮಚ, ಪ್ಲಾಸ್ಟರ್ ಕಲಸುವ ರಬ್ಬರ್ ಬಟ್ಟಲು, ನಾಲ್ಕಾರು ಸಣ್ಣ ಅರಗಳು ಇವೆ. ಮಧ್ಯದಲ್ಲಿ ಹಿತ್ತಾಳೆಯ ಒಂದು ದವಡೆ ಕೂತಿದೆ. ಕಟ್ಟಿದ ಹಲ್ಲು ಮೇಲೆ ಕೆಳಗೆ ಸರಿಯಾಗಿ ಕೂಡುತ್ತದೋ ಇಲ್ಲವೋ ಎಂದು ನೋಡಲು ಅದನ್ನು ತೆಗೆದು ಮುಚ್ಚಿ ಮಾಡುತ್ತಿರುತ್ತಾರೆ. ಮದುವೆಯಾದ ಹೊಸದರಲ್ಲಿ ಅದನ್ನು ತೋರಿಸಿ, "ನೋಡು, ಎಷ್ಟೊತ್ತು ಬಾಯಿ ತೆಗೆದ್ರೂ ಒಂದು ಮಾತಾಡಲ್ಲ. ಇಂಥದ್ದು ಒಂದು ಮನೇಲಿರ್ಬೇಕು" ಎಂದಿದ್ದರು. ಅವತ್ತು ಅವರ ಊಟಕ್ಕೆ ಉಪ್ಪು ಹಾಕಲಿಲ್ಲ ನಾನು.

ಈ ಮನುಷ್ಯನ ಮೇಲೆ ನನಗಿರುವ ದೂರು ಒಂದೆರಡಲ್ಲ. ಆದರೆ ಎಲ್ಲಕ್ಕಿಂತ ದೊಡ್ಡದು, ಹೊತ್ತು ಗೊತ್ತಿಲ್ಲದ ಅವರ ತಮಾಷೆ. ನನ್ನ ಕೈ ತುಂಬ ಕೆಲಸ ಇರುವಾಗಲೇ ಅವರಿಗೆ ಜೋಕು ಹೇಳಬೇಕು. ಒದ್ದೆ ಹೊದಿಕೆಯ ಎರಡು ತುದಿ ಹಿಡಿದು ಹಗ್ಗಕ್ಕೆ ಎಸೆಯುತ್ತಿರುತ್ತೇನೆ, ಮೇಜು ಬಿಟ್ಟು ಎದ್ದು ಬರುತ್ತಾರೆ.

"ಇವಳೇ, ಇವತ್ತು ಒಬ್ರು ಬಂದು ಹಲ್ಲು ನೋಯ್ತಿದೆ ಅಂದ್ರು."

"ಆಮೇಲೆ ಹೇಳ್ರೀ, ಕೈ ಬಿಡುವಿಲ್ಲ."

"ಯಾವ ಹಲ್ಲು ಅಂತ ಕೇಳ್ದೆ. ಮನೇಲಿ ಲೋಟದಲ್ಲಿ ಇಟ್ಟು ಬಂದಿದೀನಿ ಅಂದ್ರು."

ನನಗೆ ನಗು ತಡೆಯಲಾಗದೆ ಹೊದಿಕೆ ಮಣ್ಣಿಗೆ ಬಿತ್ತು. ಮತ್ತೆ ಒಗೆದದ್ದು ಯಾರು, ನಾನೇ. ಹಿಟ್ಟು ಕಲಸುವಾಗ ಒಂದು ಜೋಕು, ಹಾಲಿನ ಪಾತ್ರೆ ಇಳಿಸುವಾಗ ಇನ್ನೊಂದು. ಯಾರದೋ ಕೆಳಗಿನ ಹಲ್ಲಿನ ಸೆಟ್ಟು ಕಳೆದುಹೋಗಿತ್ತಂತೆ, ಪಕ್ಕದ ಮನೆಯ ನಾಯಿ ಅವರನ್ನು ನೋಡಿ ನಕ್ಕಾಗ ಎಲ್ಲಿದೆ ಎಂದು ಗೊತ್ತಾಯಿತಂತೆ. ಇದನ್ನು ಅವರು ಹೇಳಿದ್ದು ನಾನು ಎಂಟು ಗಾಜಿನ ಲೋಟಗಳ ತಟ್ಟೆ ಹಿಡಿದು ಹೊಸಲು ದಾಟುವಾಗ. ನಮ್ಮ ಮನೆಯಲ್ಲಿ ಒಂದರ ಹಾಗೆ ಇನ್ನೊಂದಿರುವ ಎರಡು ಲೋಟ ಇಲ್ಲದಿದ್ದರೆ ಅದಕ್ಕೆ ಇವರೇ ಕಾರಣ. "ಕೈ ತೊಳೆದು ಬಂದು ಕೂತ್ಕೋತೀನಿ, ಆಗ ಹೇಳಿ" ಎಂದರೆ, "ಅಷ್ಟೊತ್ತಿಗೆ ಮರೆತುಹೋಗುತ್ತೆ" ಎನ್ನುತ್ತಿದ್ದರು. ಕೈ ಒರೆಸಿಕೊಂಡು ಹೋಗಿ ಎದುರಿಗೆ ಕೂತರೆ ನಿಜಕ್ಕೂ ಏನೂ ಇರುತ್ತಿರಲಿಲ್ಲ, ಪ್ಲಾಸ್ಟರ್ ಕಲಸುತ್ತಾ ಮೂಕನ ಹಾಗೆ ಕೂತಿರುತ್ತಿದ್ದರು.

ನಮ್ಮ ಬೋರ್ಡಿನ ಕಥೆಯನ್ನೂ ಹೇಳಿಬಿಡುತ್ತೇನೆ. ಮದುವೆಯಾಗಿ ಎರಡು ತಿಂಗಳಾಗಿತ್ತು. ಅಂಗಡಿಗೆ ಬೋರ್ಡು ಇರಲಿಲ್ಲ. ಬಣ್ಣದವನಿಗೆ ಹೇಳಿ, ಹಳದಿ ತಗಡಿನ ಮೇಲೆ ಕೆಂಪು ಅಕ್ಷರದಲ್ಲಿ "ಇಲ್ಲಿ ಹಲ್ಲು ಕಟ್ಟಲಾಗುತ್ತದೆ" ಎಂದು ಬರೆಸಿದರು. ಅದು ಬಂದ ದಿನ ಕಟ್ಟಿದ್ದ ಕಾಗದ ಹರಿದು ಹಾಕಿ ಅವಸರದಲ್ಲಿ ಏಣಿ ಹತ್ತಿದರು. ಏಣಿಗೆ ಒಂದು ಕಾಲು ಗಿಡ್ಡ, ಅದಕ್ಕೇ ನಾನು ಕೆಳಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದೆ. ಮೊಳೆ ಹೊಡೆದಾಯಿತು. ತಲೆಯೆತ್ತಿ ಓದುತ್ತೇನೆ, "ಇಲ್ಲಿ ಹಲ್ಲಿ ಕಟ್ಟಲಾಗುತ್ತದೆ." ಮೊದಲು "ಇಲ್ಲಿ" ಬರೆದ ಕೈ ಅದೇ ಓಟದಲ್ಲಿ "ಹಲ್ಲಿ" ಎಂದೂ ಬರೆದುಬಿಟ್ಟಿತ್ತು. ಗೋಡೆ ಮೇಲಿನ ಹಲ್ಲಿಗಳನ್ನೆಲ್ಲ ಇವರು ಹಿಡಿದು ದಾರದಲ್ಲಿ ಕಟ್ಟುವುದು ಕಣ್ಣೆದುರು ಬಂದು ನಾನು ಹೊಟ್ಟೆ ಹಿಡಿದು ನಗಬೇಕು, ಆದರೆ ಹೊಟ್ಟೆ ಹಿಡಿಯಲು ಕೈ ಎಲ್ಲಿದೆ. ಏಣಿ ಬಿಟ್ಟರೆ ಗಂಡ ಕೆಳಗೆ. ಹಾಗೇ ನಿಂತು ಏಣಿ ಅಲ್ಲಾಡುವಷ್ಟು ನಕ್ಕೆ. ಇವರು ಮೇಲಿನಿಂದ ನನ್ನನ್ನೇ ನೋಡುತ್ತಾ, ಸುತ್ತಿಗೆ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತುಬಿಟ್ಟರು. ಸಿಟ್ಟು ಬಂದಿದೆ ಎಂದುಕೊಂಡು ನಗು ನುಂಗಿಕೊಂಡೆ. ಮಾರನೇ ದಿನದಿಂದ ಬೀದಿಗೆಲ್ಲ ಇವರು "ಹಲ್ಲಿ ಅಂಗಡಿಯವರು" ಆದರು. ಬೋರ್ಡು ಸರಿ ಮಾಡಿಸಿ ಎಂದು ನಾನು ಬಡಿದುಕೊಂಡರೂ ಮಾಡಿಸಲಿಲ್ಲ. ಬಣ್ಣ ಮಾಸಿದಾಗಲೆಲ್ಲ ಅದೇ ತಪ್ಪನ್ನೇ ಮತ್ತೆ ಬರೆಸಿದರು. ಈಗ ಒಂದನೇ ಕ್ಲಾಸಿನಲ್ಲಿರುವ ಮೊಮ್ಮಗಳಿಗೆ ಇವರು "ಹಲ್ಲಿ ತಾತ."

ಇನ್ನು ನನ್ನ ಕೈಯ ಕಥೆ. ನನ್ನ ಮೇಲಿನ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇತ್ತು. ಹುಟ್ಟಿದ್ದೇ ಹಾಗೆ. ನನಗೆ ಒಂಬತ್ತು ವರ್ಷವಿದ್ದಾಗ ಮನೆ ತುಂಬ ನೆಂಟರು ಕೂತಿದ್ದರು. ನಾನು ಏನಕ್ಕೋ ನಕ್ಕೆ. ನಮ್ಮ ಸೋದರತ್ತೆ, "ಅಯ್ಯೋ, ಇವಳ ಹಲ್ಲಿನ ಸಂದೀಲಿ ಸೈಕಲ್ ಓಡಿಸ್ಬಹುದು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಅವತ್ತು ಹೋದ ಕೈ ಮತ್ತೆ ಇಳಿಯಲಿಲ್ಲ. ನಗು ಬಂದರೆ ಕೈ ತಾನಾಗಿಯೇ ಏಳುತ್ತದೆ, ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚುವ ಹಾಗೆ. ಅತ್ತೆ ಕೆಟ್ಟವರಲ್ಲ, ನನ್ನನ್ನು ಎತ್ತಿ ಆಡಿಸಿದವರೇ. ಆಡಿದ ಮಾತನ್ನು ಸಂಜೆಗೇ ಮರೆತಿರುತ್ತಾರೆ. ನಾನು ಅರವತ್ತು ವರ್ಷ ನೆನಪಿಟ್ಟುಕೊಂಡೆ.

ಹೀಗೆಲ್ಲ ಇರುವಾಗ ವಯಸ್ಸಾಯಿತು. ವಯಸ್ಸಾಗುವುದನ್ನು ಕೆಲವರು ದೊಡ್ಡ ದುಃಖವೆನ್ನುತ್ತಾರೆ, ನನಗೇನೋ ಬಹಳ ಮಟ್ಟಿಗೆ ತಮಾಷೆಯಾಗಿಯೇ ಕಂಡಿದೆ. ಕನ್ನಡಕ ಹಣೆ ಮೇಲಿಟ್ಟುಕೊಂಡು ಇಬ್ಬರೂ ಮನೆಯೆಲ್ಲ ಹುಡುಕುತ್ತೇವೆ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ನುಂಗಿ, ಏನಾಗುತ್ತದೋ ಎಂದು ಮಧ್ಯಾಹ್ನವಿಡೀ ಎದುರುಬದುರು ಕೂತು ಕಾದಿದ್ದೇವೆ, ಏನೂ ಆಗಲಿಲ್ಲ. ಇವರಿಗೆ ಎಪ್ಪತ್ತನಾಲ್ಕು, ನನಗೆ ಅರವತ್ತೊಂಬತ್ತು. ಇವರ ಬಲಗೈ ಈಚೆಗೆ ಸಣ್ಣಗೆ ನಡುಗುತ್ತದೆ. ಚಹಾ ಕುಡಿಯುವಾಗ ಗೊತ್ತಾಗುವುದಿಲ್ಲ, ಹಲ್ಲನ್ನು ಮೇಣದಲ್ಲಿ ಕೂರಿಸುವಾಗ ಗೊತ್ತಾಗುತ್ತದೆ. ಹೋದ ವರ್ಷದಿಂದ ಹೊಸ ಕೆಲಸ ಹಿಡಿಯುವುದನ್ನು ಬಿಟ್ಟಿದ್ದರು.

ಆಗ ನನ್ನ ಹಲ್ಲುಗಳು ಕೈ ಕೊಟ್ಟವು. ಉಳಿದದ್ದೇ ಒಂಬತ್ತು, ಅವೂ ಒಂದೊಂದೇ ಅಲ್ಲಾಡತೊಡಗಿದವು. ಬೀದಿ ಕೊನೆಯ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕನ್ನಡಿ ಹಾಕಿ ನೋಡಿ, "ಅಜ್ಜಿ, ಇವೆಲ್ಲ ಮನೆ ಖಾಲಿ ಮಾಡೋಕೆ ಗಂಟುಮೂಟೆ ಕಟ್ಟಿ ಕೂತಿವೆ" ಎಂದಳು. ಮೂರು ಸಲ ಹೋಗಿ ಎಲ್ಲವನ್ನೂ ಕೀಳಿಸಿಕೊಂಡು ಬಂದೆ.

ವಸಡು ಮಾಯುವವರೆಗೆ ಎರಡು ತಿಂಗಳು ಬೊಚ್ಚುಬಾಯಿ. ಮಾತಾಡಿದರೆ ಅರ್ಧ ಅಕ್ಷರ ಗಾಳಿಗೆ ಹೋಗುತ್ತಿತ್ತು. ನನ್ನ ಪುಣ್ಯಕ್ಕೆ "ರೀ" ಎನ್ನುವುದಕ್ಕೆ ಹಲ್ಲು ಬೇಕಾಗುವುದಿಲ್ಲ. ಅದರಿಂದ ಸಂಸಾರ ನಿಲ್ಲಲಿಲ್ಲ. ಇವರು ಅಂಗಡಿಯ ಕಿಟಕಿ ಒರೆಸಿ, ಸ್ಪಿರಿಟ್ ದೀಪಕ್ಕೆ ಹೊಸ ಬತ್ತಿ ಹಾಕಿ, "ನಿನ್ನ ಸೆಟ್ಟು ನಾನೇ ಕಟ್ತೀನಿ. ಇದೇ ಕೊನೇದು. ಇದೊಂದು ಸರಿಯಾದ್ರೆ ಮೇಜು ತೊಳೆದಿಟ್ಟುಬಿಡ್ತೀನಿ" ಎಂದರು.

ಇವರ ಕೆಲಸದ ರೀತಿ ಹೇಗೆಂದರೆ, ಹಲ್ಲು ಕಟ್ಟಿಸಿಕೊಳ್ಳಲು ಬಂದವರಿಂದ ಮೊದಲು ಹಳೆಯದೊಂದು ಫೋಟೋ ಕೇಳುತ್ತಾರೆ. ನಗುತ್ತಿರುವ ಫೋಟೋ. ತುಟಿ ಎಷ್ಟು ಮೇಲೆ ಹೋಗುತ್ತದೆ, ಎಷ್ಟು ಹಲ್ಲು ಕಾಣುತ್ತದೆ, ಯಾವ ಹಲ್ಲು ಸ್ವಲ್ಪ ತಿರುಗಿದೆ, ಎಲ್ಲವನ್ನೂ ನೋಡಿಕೊಂಡು ಆ ಸೊಟ್ಟವನ್ನು ಸೊಟ್ಟವಾಗಿಯೇ ಕೂರಿಸುತ್ತಾರೆ. "ಎಲ್ಲಾ ಸರಿಯಿದ್ರೆ ಅದು ಕಟ್ಟಿದ ಹಲ್ಲು ಅಂತ ಗೊತ್ತಾಗುತ್ತೆ. ಸ್ವಲ್ಪ ತಪ್ಪಿದ್ರೆ ಅವರದೇ ಹಲ್ಲು" ಎನ್ನುವುದು ಅವರ ವಾದ. ಸಾಲಾಗಿ ಜೋಡಿಸಿಕೊಡಿ ಎಂದು ಜಗಳ ಮಾಡಿದವರಿದ್ದಾರೆ. ಅವರನ್ನೂ ಒಪ್ಪಿಸಿ, ಒಂದು ಹಲ್ಲನ್ನಾದರೂ ಕೂದಲಷ್ಟು ಓರೆ ಮಾಡಿಯೇ ಕಳಿಸುತ್ತಿದ್ದರು.

"ನಿಂದೊಂದು ಫೋಟೋ ತಗೊಂಡು ಬಾ" ಎಂದರು ನನಗೆ.

ಬೀರುವಿನಿಂದ ನಾಲ್ಕು ಆಲ್ಬಮ್ ತೆಗೆದು ಹಾಸಿಗೆ ಮೇಲೆ ಹರಡಿದೆ. ಮಗಳ ಮೊದಲ ಹೆಜ್ಜೆ, ಮಗಳ ಮದುವೆ, ಅಕ್ಕನ ಹೊಸ ಮನೆ, ಕೆರೆಯ ಪಕ್ಕ ಊಟಕ್ಕೆ ಕೂತದ್ದು. ಎಲ್ಲದರಲ್ಲೂ ನಾನಿದ್ದೇನೆ, ಎಲ್ಲದರಲ್ಲೂ ನನ್ನ ಕೈ ಇದೆ. ಬಾಯಿ ಒಂದರಲ್ಲೂ ಇಲ್ಲ. ಒಂದು ಫೋಟೋದಲ್ಲಿ ಕೈ ಇರಲಿಲ್ಲ, ಖುಷಿಯಿಂದ ಹತ್ತಿರ ಹಿಡಿದು ನೋಡಿದರೆ ಅದು ನಮ್ಮಕ್ಕ.

ಮೊಮ್ಮಗಳು ಅವತ್ತು ಅಲ್ಲೇ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ಮಗಳ ಮನೆ ಎರಡು ಬೀದಿ ಆಚೆ. ಶಾಲೆ ಬಿಟ್ಟರೆ ಈ ಮಗು ನಮ್ಮಲ್ಲೇ. "ನನ್ನ ಕುಟುಂಬ" ಎಂದು ಚಿತ್ರ ಬರೆದುಕೊಂಡು ಬರಲು ಟೀಚರ್ ಹೇಳಿದ್ದರಂತೆ. ನೋಡಿದೆ. ಹಲ್ಲಿ ತಾತನ ಪಕ್ಕ ಬೋರ್ಡಿನಷ್ಟು ದೊಡ್ಡ ಹಲ್ಲಿ, ಅಪ್ಪ, ಅಮ್ಮ, ನಾನು. ನನ್ನ ಮುಖದಲ್ಲಿ ಬಾಯಿ ಇರಬೇಕಾದ ಜಾಗದಲ್ಲಿ ಐದು ಬೆರಳು. ಅದನ್ನು ನೋಡಿ ನಗು ಬಂತು. ಆದರೆ ನನ್ನ ಪಕ್ಕದಲ್ಲಿ ಇನ್ನೊಂದು ಪುಟ್ಟ ಮುಖ, ಅದಕ್ಕೂ ಐದು ಬೆರಳು.

"ಇದ್ಯಾರು ಪುಟ್ಟಿ?"

"ನಾನು."

"ನಿನಗ್ಯಾಕೆ ಕೈ ಅಡ್ಡ?"

"ನನ್ನ ಮುಂದಿನ ಹಲ್ಲು ಬಿತ್ತಲ್ಲ. ಸಂದಿ ಇದ್ರೆ ಮುಚ್ಕೊಂಡು ನಗ್ಬೇಕು ಅಲ್ವಾ ಅಜ್ಜಿ, ನಿನ್ನ ಹಾಗೆ" ಎಂದಳು. ಹೇಳಿ, ಕೈ ಅಡ್ಡ ಇಟ್ಟುಕೊಂಡು ನಕ್ಕು ತೋರಿಸಿದಳು. ನನ್ನದೇ ಕೈ. ಹೆಬ್ಬೆರಳು ಕೆನ್ನೆಗೆ, ಉಳಿದ ನಾಲ್ಕು ಅಡ್ಡಕ್ಕೆ, ಎಲ್ಲಾ ಹಾಗೇ.

ಸೋದರತ್ತೆಯ ಒಂದು ಮಾತನ್ನು ನಾನು ಅರವತ್ತು ವರ್ಷ ಹೊತ್ತದ್ದು ಸಾಲದು ಎಂದು ಈಗ ಇದರ ಕೈಗೂ ಕೊಟ್ಟುಬಿಟ್ಟೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಈ ಮಗು ನೋಡುವಂತೆ ನಾನು ಬಾಯಿಬಿಟ್ಟು ನಗಬೇಕು, ಅದನ್ನು ನೋಡಿ ಅದರ ಕೈ ಇಳಿಯಬೇಕು. ಅಷ್ಟಾದರೆ ನನಗೆ ಸಾಕಿತ್ತು.

ನೆಟ್ಟಗೆ ಅಂಗಡಿಗೆ ಹೋದೆ. "ರೀ, ಫೋಟೋ ಇಲ್ಲ. ಬೇಕಾಗೂ ಇಲ್ಲ. ನನಗೆ ಸಂದಿ ಇಲ್ದೆ ಇರೋ ಹಲ್ಲು ಬೇಕು. ಸಾಲಾಗಿ, ಬೆಳ್ಳಗೆ, ಟೀವಿಲಿ ವಾರ್ತೆ ಓದ್ತಾರಲ್ಲ, ಹಾಗೆ. ಸೊಟ್ಟ ಗಿಟ್ಟ ಮಾಡಿದ್ರೆ ನಾನು ಸುಮ್ಮನಿರಲ್ಲ."

ಹಲ್ಲಿಲ್ಲದ ಬಾಯಲ್ಲಿ ಇಷ್ಟನ್ನು ಹೇಳಿ ಮುಗಿಸಲು ಸುಮಾರು ಹೊತ್ತು ಹಿಡಿಯಿತು. ಇವರು ಪೂರ್ತಿ ಕೇಳಿಸಿಕೊಂಡರು.

"ಸಂದಿ ಇರ್ಲಿ ಕಣೇ."

"ಬೇಡ."

"ಒಂಚೂರು?"

"ಕೂದಲಷ್ಟೂ ಬೇಡ. ಬಾಯಿ ನಂದು."

"ಆಯ್ತು, ನಿನ್ನಿಷ್ಟ" ಎಂದರು. ಅವರ ಮುಖ ಸಣ್ಣದಾಯಿತು. ಊರಿನವರನ್ನೆಲ್ಲ ಒಪ್ಪಿಸಿದ ಮನುಷ್ಯ ನನ್ನ ಹತ್ತಿರ ಒಂದೇ ಮಾತಿಗೆ ಸೋತದ್ದು ನನಗೇ ಸರಿಕಾಣಲಿಲ್ಲ. ಆದರೂ ಪಟ್ಟು ಬಿಡಲಿಲ್ಲ.

ಬಾಯಿಯ ಅಚ್ಚು ತೆಗೆದರು, ಪ್ಲಾಸ್ಟರ್ ಹುಯ್ದರು, ಮೇಣದ ಮೇಲೆ ಹಲ್ಲು ಜೋಡಿಸಿದರು. ಗಟ್ಟಿ ಸೆಟ್ಟು ಮಾಡುವ ಮೊದಲು ಮೇಣದಲ್ಲೇ ಹಾಕಿ ನೋಡುವುದು ಅವರ ಪದ್ಧತಿ. ಆಗ ಬೇಕಾದ ಹಾಗೆ ಬದಲಾಯಿಸಬಹುದು. ಬಲಗೈ ನಡುಗಿದಾಗ ಎಡಗೈಯಲ್ಲಿ ಅದರ ಮಣಿಕಟ್ಟು ಹಿಡಿದುಕೊಂಡು, ಹದಿನೈದು ದಿನ ತೆಗೆದುಕೊಂಡರು. ಒಂದು ಸಂಜೆ ಕರೆದು ನನ್ನ ಬಾಯಿಗೆ ಹಾಕಿ ಕನ್ನಡಿ ಕೊಟ್ಟರು.

ಅಬ್ಬಾ, ಎಷ್ಟು ಚೆನ್ನಾಗಿತ್ತು ಗೊತ್ತಾ. ಒಂದೇ ಸಮ, ಸಂದಿ ಎಂಬುದು ಇಲ್ಲವೇ ಇಲ್ಲ. ಕನ್ನಡಿಯಲ್ಲಿದ್ದ ಹೆಂಗಸು ಯಾರೋ ಬ್ಯಾಂಕಿನ ಮ್ಯಾನೇಜರಿನ ಹಾಗಿದ್ದಳು. ನಾನು ಅವಳಿಗೆ ತುಂಬ ಗೌರವದಿಂದ ತಲೆ ಅಲ್ಲಾಡಿಸಿದೆ. ಮೊಮ್ಮಗಳನ್ನು ಕರೆದು ಹಲ್ಲು ಕಿಸಿದೆ.

ಮಗು ಹತ್ತಿರ ಬಂದು ನೋಡಿತು. "ಅಜ್ಜಿ, ಇದು ಯಾರ ಹಲ್ಲು?"

"ನಂದೇ ಕಣೇ."

"ಸಂದಿ ಎಲ್ಲಿ ಹೋಯ್ತು?"

"ತಾತ ಮುಚ್ಚಿಬಿಟ್ರು."

ಅವಳು ತನ್ನ ಬಾಯಿ ಮೇಲೆ ಕೈ ಇಟ್ಟುಕೊಂಡು, ಬೆರಳ ಸಂದಿಯಿಂದಲೇ ಕೇಳಿದಳು. "ಹಲ್ಲಿ ತಾತ, ನನ್ನದೂ ಮುಚ್ಚಿಕೊಡ್ತೀಯಾ?"

ಅವಳ ಮುಖ ನೋಡಿ ಸುಮ್ಮನೆ ನಕ್ಕೆ. ನಕ್ಕ ಕೂಡಲೇ ನನ್ನ ಕೈ ಎದ್ದು ಬಾಯಿಗೆ ಬಂತು. ಮುಚ್ಚುವುದಕ್ಕೆ ಸಂದಿಯೇ ಇರಲಿಲ್ಲ, ಆದರೂ ಬಂತು. ನಾವಿಬ್ಬರೂ, ಅರವತ್ತೊಂಬತ್ತರ ಮುದುಕಿ ಮತ್ತು ಆರು ವರ್ಷದ ಮಗು, ಒಬ್ಬರೆದುರು ಒಬ್ಬರು ಕೈ ಅಡ್ಡ ಇಟ್ಟುಕೊಂಡು ನಿಂತಿದ್ದೆವು. ಇವರು ಮೇಜಿನ ಹಿಂದಿನಿಂದ ನೋಡುತ್ತಿದ್ದರು.

ಆ ರಾತ್ರಿ ಊಟ ಸೇರಲಿಲ್ಲ ನನಗೆ. ಸಂದಿ ಮುಚ್ಚಬೇಕಾದದ್ದು ಎಂದು ಆ ಮಗುವಿಗೆ ಹೇಳಿಕೊಟ್ಟವಳು ನಾನೇ. ಸಾಲಾದ ಹಲ್ಲು ಹಾಕಿಕೊಂಡು ಅದೇ ಪಾಠವನ್ನು ಇನ್ನೊಂದು ಸಲ ಹೇಳಿದ ಹಾಗಾಗಿತ್ತು. ಬೆಳಿಗ್ಗೆ ಎದ್ದವಳೇ ಮೇಣದ ಹಲ್ಲನ್ನು ತಂದು ಮೇಜಿನ ಮೇಲಿಟ್ಟೆ.

"ರೀ, ಇದು ಬೇಡ. ನಂದೇ ಕೊಡಿ. ಸಂದಿ ಇದ್ದಿದ್ದೇ."

ನಾಲ್ಕು ಮಾತು ಕೇಳಬೇಕಾದೀತು ಎಂದು ತಯಾರಾಗಿಯೇ ಹೋಗಿದ್ದೆ. ಇವರು ಮೇಜಿನ ಕೆಳಗಿನ ಖಾನೆ ಎಳೆದು, ಬಟ್ಟೆಯಲ್ಲಿ ಸುತ್ತಿದ್ದ ಇನ್ನೊಂದು ಮೇಣದ ಸೆಟ್ಟು ತೆಗೆದರು. ಆಗಲೇ ಕಟ್ಟಿಟ್ಟಿದ್ದರು. ಹದಿನೈದು ದಿನ ಯಾಕೆ ಬೇಕಾಯಿತು ಎಂದು ಆಗ ತಿಳಿಯಿತು.

ಹಾಕಿಕೊಂಡೆ. ಕನ್ನಡಿಗಿಂತ ಮೊದಲು ನಾಲಿಗೆಗೆ ಗೊತ್ತಾಯಿತು. ಅದು ಹೋಗಿ ಸಂದಿಯಲ್ಲಿ ತನ್ನ ಹಳೆಯ ಜಾಗದಲ್ಲಿ ಕೂತಿತು. ಎಡಗಡೆಯ ಹಲ್ಲಿನ ತುದಿ ಸ್ವಲ್ಪ ಒಳಕ್ಕೆ ತಿರುಗಿತ್ತು. ಅದನ್ನು ನಾನೇ ಮರೆತಿದ್ದೆ. ಕನ್ನಡಿಯಲ್ಲಿ ನೋಡಿದರೆ ತುಟಿ ಎಷ್ಟು ಏರಬೇಕೋ ಅಷ್ಟೇ ಏರಿ, ಕಾಣಬೇಕಾದಷ್ಟೇ ಹಲ್ಲು ಕಂಡವು. ಬ್ಯಾಂಕಿನ ಮ್ಯಾನೇಜರು ಹೋಗಿ ನಾನು ಬಂದಿದ್ದೆ.

"ನಿಮಗೆ ಈ ಅಳತೆ ಎಲ್ಲಿಂದ ಬಂತು? ನಾನು ನಕ್ಕಿದ್ದು ಒಂದು ಫೋಟೋದಲ್ಲೂ ಇಲ್ಲ. ನೀವಾದ್ರೂ ಎಲ್ಲಿ ನೋಡಿದೀರಿ?"

ಇವರು ತಲೆಯೆತ್ತಲಿಲ್ಲ. ಅರದ ಪುಡಿಯನ್ನು ಊದುತ್ತಾ ಹೇಳಿದರು. "ಏಣಿ ಹಿಡ್ಕೊಂಡಿದ್ದೆಯಲ್ಲ, ಅವತ್ತು ಮೊದಲ ಸಲ ನೋಡಿದ್ದು. ಬೋರ್ಡಲ್ಲಿ ಏನು ತಪ್ಪಾಗಿದೆ ಅಂತ ನಾನು ಓದ್ಲೇ ಇಲ್ಲ. ಕೆಳಗೆ ನೋಡ್ತೀನಿ, ನೀನು ಬಾಯಿ ತುಂಬ ನಗ್ತಿದೀಯ, ಎರಡೂ ಕೈ ಏಣಿ ಮೇಲಿದೆ."

"ಆಮೇಲೆ?"

"ಆಮೇಲೇನು. ನಿನ್ನ ಕೈ ಯಾವಾಗ ತುಂಬಿರುತ್ತೆ ಅಂತ ಕಾಯ್ತಿದ್ದೆ. ಬಟ್ಟೆ ಒಣಗಿಸುವಾಗ, ಹಿಟ್ಟು ಕಲಸುವಾಗ, ಲೋಟ ತರುವಾಗ. ಕೈ ಖಾಲಿ ಇದ್ದಾಗ ಜೋಕು ಹೇಳಿ ನನಗೇನು ಬಂತು, ಬೆರಳು ನೋಡ್ಬೇಕಿತ್ತಷ್ಟೆ."

ಮಣ್ಣಿಗೆ ಬಿದ್ದ ಹೊದಿಕೆಗಳು, ಒಡೆದ ಲೋಟಗಳು, ಉಕ್ಕಿದ ಹಾಲು, ಎಲ್ಲ ಒಂದೊಂದಾಗಿ ನೆನಪಾದವು. ಈ ಮನುಷ್ಯನಿಗೆ ಹೊತ್ತು ಗೊತ್ತಿಲ್ಲ ಎಂದು ಐವತ್ತು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

"ಅಷ್ಟು ವರ್ಷ ಬೈದೆನಲ್ಲ, ಒಂದ್ಸಲ ಬಾಯಿಬಿಟ್ಟು ಹೇಳ್ಬಾರ್ದಿತ್ತೇನ್ರೀ."

"ಹೇಳಿದ್ರೆ ನೀನು ಹುಷಾರಾಗ್ತಿದ್ದೆ. ಬೈಯುವಾಗ್ಲೂ ಕಾಣುತ್ತೆ ಕಣೇ ಹಲ್ಲು. ಆದ್ರೆ ಕೆಳಗಿನ ಸಾಲು ಜಾಸ್ತಿ."

ನನಗೆ ಅಳು ಬಂತು, ಜೊತೆಗೇ ನಗುವೂ ಬಂತು, ಕೈ ಎದ್ದು ಎರಡನ್ನೂ ಮುಚ್ಚಿತು. ಇವರ ಮೇಲೆ ಆ ಹೊತ್ತು ನನಗೆ ಬಂದಷ್ಟು ಪ್ರೀತಿ ಮದುವೆಯಾದ ವರ್ಷವೂ ಬಂದಿರಲಿಲ್ಲ. ಹೇಳಿದರೆ ತಲೆ ಮೇಲೆ ಹತ್ತಿ ಕೂರುತ್ತಾರೆ ಎಂದು ಹೇಳಲಿಲ್ಲ. ಎರಡು ಲೋಟ ಚಹಾ ಮಾಡಿ, ಅವರದಕ್ಕೆ ಡಾಕ್ಟರು ಬೇಡವೆಂದಿದ್ದ ಸಕ್ಕರೆಯನ್ನು ಒಂದು ಚಮಚ ಹಾಕಿದೆ.

ಸೆಟ್ಟು ಗಟ್ಟಿಯಾಗಿ ಕೈಗೆ ಬರುವ ಹೊತ್ತಿಗೆ ನಮ್ಮ ಮದುವೆಗೆ ಐವತ್ತು ತುಂಬುವ ದಿನವೂ ಬಂತು. ಅದೊಂದು ಭಾನುವಾರ. ಮಗಳು ಎಲ್ಲರನ್ನೂ ಸೇರಿಸಿ ಒಂದು ಫೋಟೋ ತೆಗೆಸಲೇಬೇಕು ಎಂದು ಹಠ ಹಿಡಿದಿದ್ದಳು. ಅಂಗಡಿಯ ಮುಂದೆ, ಹಲ್ಲಿ ಬೋರ್ಡಿನ ಕೆಳಗೆ ಕುರ್ಚಿ ಹಾಕಿದರು. ನಮ್ಮಕ್ಕ ಬಂದು ಎಲ್ಲರಿಗಿಂತ ಮೊದಲು ಮಧ್ಯದ ಕುರ್ಚಿ ಹಿಡಿದಳು. ಅಳಿಯ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟು ಅದರ ಹಿಂದೆ ಬಗ್ಗಿದ. ಮೊಮ್ಮಗಳು ನನ್ನ ಪಕ್ಕ ಒತ್ತಿಕೊಂಡು ನಿಂತಳು. ಕೈ ಆಗಲೇ ಬಾಯಿಗೆ ಹೋಗಿತ್ತು.

"ಪುಟ್ಟಿ, ಕೈ ತೆಗಿ" ಎಂದ ಅಳಿಯ.

"ಅಜ್ಜಿ ತೆಗೆದ್ರೆ ತೆಗೀತೀನಿ" ಎಂದಳು ಅವಳು.

ನನ್ನ ಕೈ ಇನ್ನೂ ಎದ್ದಿರಲಿಲ್ಲ, ಆದರೆ ಏಳುತ್ತದೆ ಎಂದು ಆ ಮಗುವಿಗೂ ಗೊತ್ತು, ನನಗೂ ಗೊತ್ತು. ಅಷ್ಟರಲ್ಲಿ ಇವರು ಒಳಗಿನಿಂದ ತಟ್ಟೆ ತುಂಬ ಲೋಟ ಜೋಡಿಸಿಕೊಂಡು ಬಂದರು. ಒಂದರ ಹಾಗೆ ಇನ್ನೊಂದಿಲ್ಲದ ಒಂಬತ್ತು ಲೋಟ, ಎಲ್ಲದರಲ್ಲೂ ಅಂಚಿನವರೆಗೆ ಶರಬತ್ತು.

"ಇವಳೇ, ಇದನ್ನ ಸ್ವಲ್ಪ ಹಿಡ್ಕೋ. ಎರಡೂ ಕೈಲಿ" ಎಂದರು, ಏನೂ ಅರಿಯದವರ ಹಾಗೆ.

ಹಿಡಿದುಕೊಂಡೆ. ಇವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. ಜೋಕು ಬರುತ್ತಿದೆ ಎಂದು ತಿಳಿಯಿತು. ತಟ್ಟೆ ಭಾರವಾಗಿತ್ತು, ಕೈ ಬಿಡುವಂತಿರಲಿಲ್ಲ, ನಕ್ಕರೆ ಫೋಟೋ ಬಂದುಬಿಡುತ್ತಿತ್ತು. ಆದರೆ ಅದು ತಟ್ಟೆ ನಗಿಸಿದ ನಗುವಾಗುತ್ತಿತ್ತು. ಪಕ್ಕದಲ್ಲಿ ನಿಂತ ಮಗುವಿಗೆ ಜೀವನವಿಡೀ ತಟ್ಟೆ ಹಿಡಿದುಕೊಂಡು ನಿಲ್ಲು ಎನ್ನಲಾಗುತ್ತದೆಯೇ.

ತಟ್ಟೆಯನ್ನು ಬಗ್ಗಿ ನೆಲದ ಮೇಲಿಟ್ಟೆ. ಮೊಣಕಾಲು ಲಟಕ್ ಎಂದಿತು. ನೆಟ್ಟಗೆ ಕೂತು ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಖಾಲಿ ಕೈ.

"ಈಗ ಹೇಳ್ರೀ" ಎಂದೆ.

ಇವರು ನನ್ನ ಕೈ ನೋಡಿದರು, ಬಾಯಿ ನೋಡಿದರು. "ಅದೇ, ಒಬ್ರು ಬಂದಿದ್ರು" ಎಂದು ಶುರು ಮಾಡಿದರು. "ಬಂದು, ಹಲ್ಲು... ಅಲ್ಲ, ಅವರ ಹೆಂಡ್ತಿ..." ಎಂದರು. ನಿಲ್ಲಿಸಿದರು. ಮೇಜಿನ ಮೇಲಿನ ಹಿತ್ತಾಳೆ ದವಡೆಯ ಹಾಗೆ ಎರಡು ಸಲ ಬಾಯಿ ತೆಗೆದು ಮುಚ್ಚಿದರು. "ಮರೆತೇಹೋಯ್ತು ಕಣೇ."

ಐವತ್ತು ವರ್ಷದಿಂದ ಹೇಳುತ್ತಿದ್ದದ್ದು ಸುಳ್ಳಲ್ಲ, ಕೈ ಖಾಲಿಯಾದರೆ ಇವರಿಗೆ ನಿಜವಾಗಿಯೂ ಮರೆತುಹೋಗುತ್ತಿತ್ತು. ನನಗೆ ಎಲ್ಲಿಂದ ನಗು ಬಂತೋ, ಹೊಟ್ಟೆಯೊಳಗಿನಿಂದ ಎದ್ದು ಬಂತು. ಬಲಗೈ ತೊಡೆ ಬಿಟ್ಟು ಒಂದು ಗೇಣು ಎದ್ದಿತು. ಎಡಗೈಯಲ್ಲಿ ಅದರ ಮಣಿಕಟ್ಟು ಹಿಡಿದು ಕೂತೆ, ಇವರು ಮೇಣದಲ್ಲಿ ಹಲ್ಲು ಕೂರಿಸುವಾಗ ಹಿಡಿಯುತ್ತಿದ್ದರಲ್ಲ, ಹಾಗೆ. ಬಾಯಿಬಿಟ್ಟು ನಕ್ಕೆ, ಬೀದಿಯ ಆಚೆ ಮನೆಯವರು ಹೊರಗೆ ಬಂದು ನೋಡುವಷ್ಟು ನಕ್ಕೆ.

ಮೊಮ್ಮಗಳು ಪಕ್ಕದಿಂದಲೇ ಬಗ್ಗಿ ನನ್ನ ಬಾಯಿ ನೋಡಿದಳು.

"ಅಜ್ಜಿ, ನಿನಗೂ ಮತ್ತೆ ಸಂದಿ ಬಂದಿದೆ."

"ಬಂದಿದೆ ಕಣೇ. ತಾತ ಬೇಕು ಅಂತಲೇ ಇಟ್ಟು ಕಟ್ಟಿದ್ದು."

ಮುಟ್ಟಿ ನೋಡಬೇಕಲ್ಲ, ಅದಕ್ಕೆ ಅವಳಿಗೆ ಕೈ ಬೇಕಾಯಿತು. ತನ್ನ ಬಾಯಿ ಮೇಲಿನ ಕೈಯನ್ನೇ ತೆಗೆದು, ಬೆರಳನ್ನು ನನ್ನ ಹಲ್ಲಿನ ಸಂದಿಗೆ ಇಟ್ಟು, ತಾನೂ ನಕ್ಕಳು. ಅಳಿಯ ಆಗ ಒತ್ತಿದ.

ಆ ಫೋಟೋ ಈಗ ಅಂಗಡಿಯ ಕೋಣೆಯಲ್ಲಿದೆ, ತೊಳೆದಿಟ್ಟ ಮೇಜಿನ ಮೇಲೆ, ಹಿತ್ತಾಳೆ ದವಡೆಯ ಪಕ್ಕ. ಅಕ್ಕ ಕ್ಯಾಮೆರಾ ನೋಡುತ್ತಿದ್ದಾಳೆ, ಮಗಳು ಕ್ಯಾಮೆರಾ ನೋಡುತ್ತಿದ್ದಾಳೆ. ಮಗುವಿನ ಬಾಯಿಯ ಸಂದಿಯೂ ನನ್ನ ಬಾಯಿಯ ಸಂದಿಯೂ ಚೆನ್ನಾಗಿ ಕಾಣುತ್ತವೆ. ಇವರೊಬ್ಬರು ಮಾತ್ರ ಕ್ಯಾಮೆರಾ ಕಡೆ ತಿರುಗಿಲ್ಲ, ನನ್ನ ಬಾಯಿ ನೋಡುತ್ತಾ ಕೂತಿದ್ದಾರೆ.